ಕೈಯಿಲ್ಲದ ಶಿಲುಬೆ

ಉಡುಪಿ ಕಡೆಯ ನಮ್ಮ ಕ್ಯಾಥೊಲಿಕ್ ಮನೆಗಳವರು ನವೆಂಬರ್ ಎರಡರಂದು ತಮ್ಮವರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ತಮ್ಮವರು ದೂರದಲ್ಲೆಲ್ಲೋ ಮಣ್ಣಾಗಿದ್ದರೆ, ಸಮಾಧಿ ಸ್ಥಳದ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚಿದರಾಯಿತು, ಸಲ್ಲಬೇಕಾದವರಿಗೆ ಸಲ್ಲುತ್ತದೆ. ಚಿಕ್ಕಂದಿನಲ್ಲಿ ಆ ಬುಡದಲ್ಲಿ ಹಚ್ಚುವವರನ್ನು ಕಂಡರೆ ನನಗೆ ಪಾಪ ಅನಿಸುತ್ತಿತ್ತು. ಈಗ ನಾನೇ ಅವರಲ್ಲಿ ಒಬ್ಬಳು.

ಅಪ್ಪ ತೀರಿಕೊಂಡಾಗ ನನ್ನ ಪಾಸ್‌ಪೋರ್ಟ್ ವೀಸಾ ಅರ್ಜಿಯ ಜೊತೆ ಹೋಗಿತ್ತು. ಇಲ್ಲಿ ಇಂಗ್ಲೆಂಡಿನಲ್ಲಿ, ಫೆಲ್ಥಮ್‌ನ ಫ್ಲಾಟಿನಲ್ಲಿ ಕೂತು, ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ನಾನೊಬ್ಬಳು ಹಾಕಲಿಲ್ಲ. ಆಮೇಲಿನ ಆರು ವರ್ಷ ಒಂದಲ್ಲ ಒಂದು ತಾಪತ್ರಯ. ನಿಜ ಹೇಳಬೇಕೆಂದರೆ, ಅಪ್ಪನಿಲ್ಲದ ಊರಿಗೆ ಹೋಗಲು ಹೆದರಿಕೆ.

ಇಲ್ಲಿ ನಾವು ಹೋಗುವ ಚರ್ಚಿಗೆ ಸಮಾಧಿ ಸ್ಥಳವಿಲ್ಲ, ಕಾರ್ ಪಾರ್ಕ್ ಇದೆ. ಹಾಗಾಗಿ ಬಸ್ಸಿನ ದಾರಿಯಲ್ಲಿ ಇಂಗ್ಲಿಷರ ಹಳೆಯ ಪ್ರಾಟೆಸ್ಟಂಟ್ ಚರ್ಚೊಂದರ ಅಂಗಳವನ್ನು ಹುಡುಕಿಕೊಂಡೆ. ಅಲ್ಲಿ ಮೂರು ಸವೆದ ಮೆಟ್ಟಿಲುಗಳ ಮೇಲೆ ಒಂದು ಕಲ್ಲಿನ ಶಿಲುಬೆ. ಶಿಲುಬೆ ಎಂದು ಫಲಕದಲ್ಲಿ ಬರೆದಿದೆ ಅಷ್ಟೇ. ಕೈಗಳಿಲ್ಲ, ತಲೆಯಿಲ್ಲ, ದನ ಕಟ್ಟುವ ಗೂಟವನ್ನು ದಪ್ಪ ಮಾಡಿ ನಿಲ್ಲಿಸಿದಂತಿದೆ. ಏನೂ ಇಲ್ಲದವಳಿಗೆ ಇದೇ ಸೈ ಎಂದು ಐದು ವರ್ಷ ಅಲ್ಲೇ ಹಚ್ಚಿದೆ.

ಈ ಸಲ ಏರ್‌ಪೋರ್ಟಿನ ಬೆಳಗಿನ ಶಿಫ್ಟ್ ಮುಗಿಸಿ ಹೋಗಿ ಕಡ್ಡಿ ಗೀರುವಷ್ಟರಲ್ಲಿ, ಪೊದೆ ಕತ್ತರಿಸುತ್ತಿದ್ದ ಇಂಗ್ಲಿಷ್ ಅಜ್ಜಿಯೊಬ್ಬರು ಬಂದರು. ಆ ಅಂಗಳವನ್ನು ನೋಡಿಕೊಳ್ಳುವವರಂತೆ. ಇದು ಐನೂರು ವರ್ಷಕ್ಕಿಂತ ಹಳೆಯದು, ಮೇಣ ಇಳಿದು ಕಲ್ಲು ಹಾಳಾಗುತ್ತದೆ, ದಯವಿಟ್ಟು ಬೇಡ ಎಂದರು. ಇದರ ಕೈಗಳೇನಾದವು ಎಂದು ಕೇಳಿದೆ. ಶಿಲುಬೆಯ ಮುಂದೆ ಮೊಣಕಾಲೂರುವುದೇ ತಪ್ಪು ಎಂದು ನಂಬಿದ ಕಾಲದಲ್ಲಿ ನಮ್ಮ ಚರ್ಚಿನವರೇ ಒಡೆದರು, ಆಮೇಲೆ ಬಹಳ ಕಾಲ ಇದರ ಮೇಲೆ ಬಿಸಿಲು ಗಡಿಯಾರ ಕೂರಿಸಿದ್ದರು ಎಂದು ನಗುತ್ತಲೇ ಹೇಳಿದರು.

ನನ್ನ ತಲೆ ಮೊಸರು ಗಡಿಗೆಯಾಯಿತು. ಒಡೆದವರೂ ಕ್ರೈಸ್ತರು, ಕಾಯುತ್ತಿರುವವರೂ ಅವರೇ. ಹಾಗಾದರೆ ಐದು ವರ್ಷ ನಾನು ಅಪ್ಪನ ಹೆಸರಲ್ಲಿ ಹಚ್ಚಿದ್ದು ಶಿಲುಬೆಗೋ, ಗಡಿಯಾರದ ಕಂಬಕ್ಕೋ? ಅಪ್ಪನಿಗೆ ಸಂದಿತೋ ಇಲ್ಲವೋ? ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಅಜ್ಜಿ ಎಲ್ಲಿಂದಲೋ ಒಂದು ಖಾಲಿ ಜಾಮ್ ಬಾಟಲಿ ತಂದು ಮೆಟ್ಟಿಲಿನಿಂದ ಮಾರು ದೂರ ಹುಲ್ಲಿನಲ್ಲಿ ಇಟ್ಟುಕೊಟ್ಟರು. ಅದರೊಳಗೆ ಹಚ್ಚಿದೆ.

ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅವಳಿರುವುದು ಅಣ್ಣನ ಜೊತೆ, ಆಗಷ್ಟೇ ಸಮಾಧಿ ಸ್ಥಳದಿಂದ ಬಂದಿದ್ದಳು. ನಮ್ಮ ಮನೆಮಾತು ಕೊಂಕಣಿ, ಇಲ್ಲಿ ಊರಿನ ಕನ್ನಡಕ್ಕೆ ಇಳಿಸಿದ್ದೇನೆ.

“ಇದೆಂತ ಕಂಬ ಮಾರಾಯ್ತಿ? ಶಿಲುಬೆಯ ಕೈ ಎಲ್ಲಿ?”

“ಒಡೆದು ಹಾಕಿದ್ದಾರಂತೆ. ಇದ್ರ ಎದುರು ಹಚ್ಚಿದ್ರೆ ಅಪ್ಪನಿಗೆ ಮುಟ್ತದಾ ಅಂತಲೇ ಗೊತ್ತಾಗುದಿಲ್ಲ ನಂಗೆ. ಇರ್ಲಿ, ಡಿಸೆಂಬರಿಗೆ ಟಿಕೆಟ್ ಮಾಡಿದ್ದೇನೆ. ಬಂದ ಕೂಡ್ಲೇ ಅಪ್ಪನ ಸಮಾಧಿಗೆ ಹೋಗುವ. ಒಂದು ಹಿಡಿ ಮಣ್ಣು ಹಾಕ್ಲಿಕ್ಕುಂಟು.”

ಅಮ್ಮ ತಲೆಯ ಮೇಲಿನ ಸೆರಗು ತೆಗೆದು ಕುರ್ಚಿಯಲ್ಲಿ ಕೂತಳು.

“ನಿನ್ನತ್ರ ಹೇಳಿರ್ಲಿಲ್ಲ. ಮಳೆಗಾಲಕ್ಕೆ ಮೊದ್ಲೇ ಆ ಗುಂಡಿ ಬೇರೆಯವರಿಗೆ ತೆಗೆದ್ರು. ಜಾಗ ಸಾಲುದಿಲ್ಲಲ್ಲ. ಅಪ್ಪನ ಎಲುಬು ಎಲ್ಲರದ್ದರ ಒಟ್ಟಿಗೆ ಹಾಕಿದ್ದಾರೆ. ನಾನು ಸಹ ಇವತ್ತು ನಡುವಿನ ಶಿಲುಬೆಯ ಹತ್ರವೇ ಹಚ್ಚಿ ಬಂದದ್ದು.”

ಕೆಲವು ವರ್ಷಗಳಾದ ಮೇಲೆ ಹಾಗೆ ಮಾಡುವುದು ನಮ್ಮಲ್ಲಿ ರೂಢಿಯೇ, ನನಗೂ ಗೊತ್ತಿದ್ದದ್ದೇ. ಅಪ್ಪನನ್ನು ಮಾತ್ರ ಬಿಟ್ಟುಬಿಡುತ್ತಾರೆ ಎಂದು ಯಾವ ಧೈರ್ಯದಲ್ಲಿ ನಂಬಿದ್ದೆನೋ. ಊರಲ್ಲೇ ಇದ್ದ ಅಮ್ಮನೂ ದೂರದವರ ಸಾಲಿನಲ್ಲಿ ನಿಂತು ಹಚ್ಚಿದ್ದಳು. ನನಗೆ ಅಳು ಬಂತು, ಅಳುವಿನ ಜೊತೆಗೇ ಕೋಪ.

“ಹಾಗಾದ್ರೆ ನಾನು ಬಂದು ನೋಡುದು ಎಂತದ್ದು?” ಎಂದು ಕಿರುಚಿಬಿಟ್ಟೆ.

“ನಾನಿಲ್ವಾ?” ಎಂದಳು ಅಮ್ಮ.