ತಮ್ಮನ ಸನ್ಮಾನಕ್ಕೆ ನಾನು ಹೋದ ಬಗೆ

ತುಂಬಿದ ಸಭೆಯಲ್ಲಿ ತಮ್ಮನಿಗೆ ಒಂದು ಶಾಲು ಹೊದಿಸಬೇಕಿತ್ತು, ನಾನು ಹೊದಿಸಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಇಷ್ಟು ಬರೆಯುವುದು ಸುಲಭ. ಮುಂದಿನದ್ದೇ ಕಷ್ಟ.

ನಿನ್ನೆ ಪಕ್ಕದ ಮನೆಯವರು ಗೇಟಿಗೆ ವೆಲ್ಡಿಂಗ್ ಮಾಡಿಸುತ್ತಿದ್ದರು. ಕಾದ ಕಬ್ಬಿಣದ ವಾಸನೆ ಜಗಲಿಗೆ ಬಂದದ್ದೇ ತಡ, ನಾನು ಬಹರೈನಿನ ಮೀನಾ ಸಲ್ಮಾನ್ ಬಂದರಿನಲ್ಲಿದ್ದೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ನಾನು ವೆಲ್ಡರ್. ಎರಡು ವರ್ಷ ಕಿರಿಯ ತಮ್ಮ ದಾಮೋದರ ನನ್ನ ಕೈಕೆಳಗೆ ಫಿಟ್ಟರ್. ಹತ್ತು ಜನರ ನಮ್ಮ ರೂಮಿಗೆ ಇದ್ದದ್ದು ಒಂದೇ ಎಸಿ. ಅದರ ಎದುರಿನ ಮಂಚಕ್ಕೆ ದಿನವೂ ಜಗಳ. ದಾಮು ವಾರಕ್ಕೊಬ್ಬರಂತೆ ಸರದಿ ಹಾಕಿದ. ತನ್ನದನ್ನು ಕೊನೆಗಿಟ್ಟ, ನನ್ನದನ್ನು ಅದರ ಹಿಂದಿನ ವಾರಕ್ಕೆ.

"ಎಂತ ಮಾರಾಯ, ಸ್ವಂತ ಅಣ್ಣನಿಗೆ ಒಂಬತ್ತನೇ ನಂಬ್ರವಾ?"

"ನಿಂಗೆ ಮೊದ್ಲು ಕೊಟ್ರೆ ಉಳಿದವ್ರು ನನ್ನ ಮಾತು ಯಾಕೆ ಕೇಳ್ಬೇಕು?"

ಆ ಬೇಸಗೆಯೆಲ್ಲ ಬೆವರುತ್ತ ಅವನನ್ನು ಬೈದೆ. ಅವನು ರಾಜಕಾರಣಿಯಾದದ್ದು ಆವತ್ತೇ ಎಂದು ಈಗ ಅನ್ನಿಸುತ್ತದೆ.

ಎಣ್ಣೆ ಕಂಪನಿಯವರ ಊರಾದ ಅವಾಲಿಗೆ ರಿಪೇರಿಗೆ ಹೋದಾಗ ಪರಿಚಯವಾದ ಎಂಜಿನಿಯರೊಬ್ಬರ ಸಹಾಯದಿಂದ ಅವನು ಕೆನಡಾಕ್ಕೆ ಹೋದ. ಮೊದಲು ಯಾರದೋ ಶೆಡ್ಡಿನಲ್ಲಿ ದುಡಿದ, ಆಮೇಲೆ ಕಿಟಕಿ ಬಾಗಿಲು ಮಾಡುವ ತನ್ನದೇ ಕಾರ್ಖಾನೆ ಹಾಕಿದ. ಅಲ್ಲಿನ ಪ್ರಾಂತದ ವಿಧಾನಸಭೆಗೆ ನಿಂತು ಒಮ್ಮೆ ಸೋತ. ಸೋತ ಮರುವಾರವೇ ಹಿಮದಲ್ಲಿ ಮನೆಮನೆಗೆ ನಡೆದು, ವೋಟು ಹಾಕದವರಿಗೂ ನಮಸ್ಕಾರ ಹೇಳಿ ಬಂದನಂತೆ. ಎರಡನೇ ಸಲ ಗೆದ್ದ. ಇಂಥವನನ್ನು ಮೆಚ್ಚದೆ ಇರುವುದು ಹೇಗೆ ಹೇಳಿ?

ಊರಿಗೆ ಹೋಗುವ ದಾರಿಯಲ್ಲಿ ಅವನು, ನಾನಿನ್ನೂ ದುಡಿಯುತ್ತಿದ್ದ ಬಹರೈನಿನಲ್ಲಿ ಇಳಿದಾಗ ನಮ್ಮ ಕರಾವಳಿಯವರು ಈಸಾ ಟೌನಿನಲ್ಲಿ ಅವನಿಗೆ ಸನ್ಮಾನ ಇಟ್ಟರು. ಶಾಲು ಹೊದಿಸಲು ದೊಡ್ಡ ಮ್ಯಾನೇಜರೊಬ್ಬರು ತಯಾರಿದ್ದರು. "ನಂಗೆ ಕೆಲಸ ಕಲಿಸಿದ್ದು ಅಣ್ಣ, ಅವನೇ ಹೊದಿಸ್ಲಿ" ಎಂದು ದಾಮು ಹಠ ಹಿಡಿದ. ನಾನು ಹೊಸ ಅಂಗಿ ಹೊಲಿಸಿದೆ. ಸಭಾಂಗಣದ ಬಾಗಿಲವರೆಗೂ ಹೋದೆ. ಅವನು ಕೋಟು ಹಾಕಿ ವೇದಿಕೆಯಲ್ಲಿ ಕೂತದ್ದು ಕಂಡಿತು. ಬಾಗಿಲ ಹತ್ತಿರದ ಗುಂಪಿನಲ್ಲೇ ನಿಂತೆ.

"ಅಣ್ಣನವರು ಎಲ್ಲಿದ್ದರೂ ವೇದಿಕೆಗೆ ಬರ್ಬೇಕು" ಎಂದು ಮೈಕಿನಲ್ಲಿ ಮೂರು ಸಲ ಕರೆದರು. ನಾನು ಒಬ್ಬ ದಪ್ಪ ಮನುಷ್ಯನ ಬೆನ್ನ ಹಿಂದೆ ಸರಿದೆ. ಸರಿಯುವಾಗ ದಾಮುವಿನ ಕಣ್ಣಿಗೆ ಬಿದ್ದೆ. ಒಂದು ಗಳಿಗೆ ನೋಡಿದ. ಮೈಕಿನ ಹತ್ತಿರ ಬಂದು, "ಅಣ್ಣನಿಗೆ ಡ್ಯೂಟಿ ಉಂಟು, ಕಾಯುವುದು ಬೇಡ" ಎಂದ. ಅವನ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು.

ಇಂಗ್ಲಿಷ್ ಬಾರದ್ದಕ್ಕೆ ನಾಚಿಕೆಯಾಯಿತು ಎಂದು ಹೆಂಡತಿಗೆ ಬರೆದೆ. ಅವಳು ನಂಬಿದಳು, ನೀವೂ ನಂಬುತ್ತಿದ್ದಿರಿ. ನಿಜವೆಂದರೆ, ನನ್ನ ಕೈಕೆಳಗೆ ತುಕ್ಕು ಉಜ್ಜಿದವನ ಎದುರು ಹೋಗಿ ನಿಲ್ಲಬೇಕಲ್ಲ ಎಂದು ಹೊಟ್ಟೆ ಉರಿದಿತ್ತು.

ಅವನು ಆ ಮಾತನ್ನು ಎಂದೂ ಎತ್ತಲಿಲ್ಲ. ಭಾನುವಾರ ತಪ್ಪದೆ ಫೋನು ಮಾಡಿ ನನ್ನ ಮೊಣಕಾಲು ನೋವು ವಿಚಾರಿಸುತ್ತಾನೆ. ನಿನ್ನೆ ಸಂಜೆ ಮೊದಲ ಸಲ ನಾನೇ ಮಾಡಿದೆ.

"ಎಂತ ಅಣ್ಣ, ಹುಷಾರುಂಟಲ್ಲ?" ದನಿಯಲ್ಲಿ ಗಾಬರಿ.

"ಹುಷಾರುಂಟು. ದಾಮು, ಅವತ್ತು ಈಸಾ ಟೌನಿನಲ್ಲಿ ನಂಗೆ ಡ್ಯೂಟಿ ಇರ್ಲಿಲ್ಲ. ನೀನು ಮೇಲೆ ಕೂತದ್ದನ್ನು ನನ್ನಿಂದ ನೋಡ್ಲಿಕ್ಕಾಗ್ಲಿಲ್ಲ. ತಪ್ಪಾಯ್ತು ಮಾರಾಯ, ಕ್ಷಮಿಸು."