ಸತ್ತನೆಂದು ಹೇಳಿದ ಅಣ್ಣ

ನನ್ನ ಅಣ್ಣ ರಘು ಸತ್ತಿಲ್ಲ. ಸತ್ತನೆಂದು ಮಗಳಿಗೆ ಹೇಳಿದವಳು ನಾನು. ಅವಳಿನ್ನೂ ಪುಟ್ಟವಳು, ಹಳೆಯ ಫೋಟೋ ಹಿಡಿದು "ಇದ್ಯಾರಮ್ಮ?" ಎಂದು ಕೇಳಿದ್ದಳು. ಸಾರಿಗೆ ಒಗ್ಗರಣೆ ಹಾಕುತ್ತಲೇ ಹೇಳಿಬಿಟ್ಟೆ — ಅಷ್ಟು ಸಲೀಸಾಗಿ.

ಅಣ್ಣ ಮೈಸೂರಿನ ಒಡವೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ಒಂದು ಸರ ಕದ್ದು ಸಿಕ್ಕಿಬಿದ್ದು ಜೈಲಿಗೆ ಹೋದ. ಯಾಕೆ ಕದ್ದ — ನಾನು ಒಮ್ಮೆಯೂ ಕೇಳಲಿಲ್ಲ. ಬಿಡುಗಡೆಯಾದ ಮೇಲೆ ಸಿಡ್ನಿಗೆ, ಬ್ಲ್ಯಾಕ್‌ಟೌನ್‌ನ ನಮ್ಮ ಮನೆಗೆ ಫೋನ್ ಮಾಡಿದ. "ಸುಮಾ, ನಾನು ಕಣೇ" ಅಂದ. ದನಿ ಗೊತ್ತಾಗಲಿಲ್ಲವೆಂದು ಸುಳ್ಳು ಹೇಳಲಾರೆ. "ರಾಂಗ್ ನಂಬರ್" ಎಂದು ಇಟ್ಟೆ.

ಮಗಳು ನಿಧಿ ಮೆಲ್ಬರ್ನ್‌ನಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿದಳು. ಹೋದ ವರ್ಷ ಅಲ್ಲಿಗೆ ಹೋಗಿದ್ದಾಗ, ಅವಳು ಮದುವೆಯಾಗಲಿರುವ ಹುಡುಗನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಹುಡುಗನ ಅಜ್ಜಿ ತಮ್ಮ ವಂಶದ ಮೂಲಪುರುಷನ ಕಥೆ ಶುರುಮಾಡಿದರು. ಸುಮಾರು ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಕುರಿ ಕದ್ದವನಂತೆ. ಕೈಕೋಳ ಹಾಕಿ, ಹಡಗು ಹತ್ತಿಸಿ ಸಿಡ್ನಿಗೆ ಗಡೀಪಾರು ಮಾಡಿದ್ದರಂತೆ. ಅವರ ಮಾತಿನಲ್ಲಿ ನಾಚಿಕೆಯಿರಲಿಲ್ಲ, ಹೆಮ್ಮೆಯೇ ಇತ್ತು. ಆಮೇಲೆ ದನಿ ತಗ್ಗಿತು. ಹಡಗು ಹೊರಟದ್ದೇ ತಡ, ಮನೆಯವರು ಅವನು ಸಮುದ್ರದಲ್ಲಿ ಮುಳುಗಿ ಸತ್ತನೆಂದು ತಂಗಿಯರಿಗೆ ಹೇಳಿದರಂತೆ. ಅವನೋ ಇಲ್ಲಿ ಮುದುಕನಾಗುವವರೆಗೂ ಬದುಕಿದ್ದ. "ಕುರಿ ಹೋಗಲಿ ಬಿಡಿ. ಇದನ್ನು ಮಾತ್ರ ನಾನು ಕ್ಷಮಿಸಲಾರೆ" ಎಂದರು. ಮತ್ತೆ ನಗುತ್ತ ನನ್ನ ಕಡೆ ತಿರುಗಿ, "ನಿಮ್ಮಲ್ಲಿ ಕಳ್ಳರು ಯಾರೂ ಇಲ್ಲವೇ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಇಲ್ಲ" ಎಂದೆ.

ಸಿಡ್ನಿಗೆ ಮರಳಲು ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ, ಕ್ಲೇಟನ್ ಬಡಾವಣೆ ದಾಟುವಾಗ, ತಡೆಯಲಾಗಲಿಲ್ಲ — ನಿಧಿಗೆ ಎಲ್ಲ ಹೇಳಿದೆ. ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಕಳ್ಳತನದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅಮ್ಮಾ... ಸೋ ಹೂ ಡಸ್ ಹಿ ಹ್ಯಾವ್?"

ಅವನಿಗೆ ಯಾರಿದ್ದಾರೆ — ನನಗೆ ಗೊತ್ತಿರಲಿಲ್ಲ.

ನಂಬರ್ ಹುಡುಕಿದವಳು ಅವಳೇ. ಸ್ಪೀಕರ್‌ನಲ್ಲಿಟ್ಟು, ತನ್ನ ತೊದಲು ಕನ್ನಡದಲ್ಲಿ, "ಮಾಮಾ, ನಾನು ನಿಧಿ. ಸುಮಾ ಮಗಳು" ಎಂದಳು. ಆ ಕಡೆಯಿಂದ, "ಸುಮಾ ಚೆನ್ನಾಗಿದಾಳಾ?" ಮತ್ತೆ, ಇನ್ನೂ ಮೆಲ್ಲಗೆ — "ನನ್ ವಿಷ್ಯ ಅಲ್ಲಿ ಯಾರ್ಗೂ ಹೇಳ್ಬೇಡ ಪುಟ್ಟಾ. ನಿಮ್ಮಮ್ಮಂಗೆ ತೊಂದ್ರೆ ಆಗತ್ತೆ."

ನಿಧಿ ಫೋನನ್ನು ನನ್ನತ್ತ ಚಾಚಿದಳು. ಹಿಡಿದುಕೊಂಡೆ. ಈ ಸಲ ಇಡಲಿಲ್ಲ. ಅವನೂ ಕಟ್ ಮಾಡಲಿಲ್ಲ.

ಹುಡುಗನ ಅಜ್ಜಿಗೂ ನಿಜ ಹೇಳಿದ್ದೇನೆ. ಅವರು ಈಗ ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ — ಸರಿಯೇ. ಅಣ್ಣನನ್ನು ಮದುವೆಗೆ ಕರೆಸಲು ನಿಧಿ ಓಡಾಡುತ್ತಿದ್ದಾಳೆ. ಒಂದು ಕಾಲಕ್ಕೆ ಕೈದಿಗಳನ್ನು ಹಡಗು ಹಡಗಾಗಿ ಇಳಿಸಿಕೊಂಡ ಈ ದೇಶ, ಜೈಲು ಕಂಡು ಬಂದವನಿಗೆ ವೀಸಾ ಕೊಡುತ್ತದೋ ಇಲ್ಲವೋ. ನಾನು ಅದಕ್ಕೆ ಕಾಯುವುದಿಲ್ಲ. ಮುಂದಿನ ವಾರ ಮೈಸೂರಿಗೆ ಹೊರಟಿದ್ದೇನೆ. ಅವನು ಬಾಗಿಲು ತೆರೆಯದೆ ಇರಬಹುದು. ತೆರೆಯಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ.