ಫ್ಲಾಪಿಯ ಕಿಟಕಿ

ಟೈಪಿಂಗ್ ಅಂಗಡಿಯ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗಿರಾಕಿಯೊಬ್ಬ ಕಂಪ್ಯೂಟರಿನ ಕಡತ ತುಂಬಿಟ್ಟ ಫ್ಲಾಪಿ ಚಾಚಿದರೆ ಸಾಕು, ಆ ಸಿಟ್ಟು ನಾಲಿಗೆಗೆ ಇಳಿಯುತ್ತದೆ. ಫ್ಲಾಪಿಯ ಮೂಲೆಯಲ್ಲೊಂದು ಪುಟ್ಟ ಕಿಟಕಿ. ಅದನ್ನು ತೆರೆದಿಟ್ಟರೆ ಒಳಗಿನದನ್ನು ಅಳಿಸಲೂ ಆಗದು, ತಿದ್ದಲೂ ಆಗದು. ಗಿರಾಕಿಗಳೋ, ಮುಚ್ಚಿಟ್ಟರೇ ಭದ್ರವೆಂದು ನಂಬಿದವರು. “ಏನ್ ಸ್ವಾಮಿ, ಮನೆ ಬಾಗಿಲು ಅಂದ್ಕೊಂಡ್ರಾ? ಕೈ ತಪ್ಪಿ ಒಂದು ಗುಂಡಿ ಒತ್ತಿದ್ರೆ ವರ್ಷದ ದುಡಿಮೆ ಮಣ್ಣುಪಾಲು!” ಎಂದು ಮೇಷ್ಟರನ್ನೂ ಬಿಡದೆ ಬೈದು, ಉಗುರಿನಿಂದ ಟಕ್ಕನೆ ಕಿಟಕಿ ತೆರೆಯುತ್ತಾಳೆ. ವಕೀಲರು “ಫ್ಲಾಪಿ ನಂದು ಕಣಮ್ಮ” ಎಂದರೆ, “ಫ್ಲಾಪಿ ನಿಮ್ದೇ, ಬುದ್ಧಿ ಯಾರಿಗೆ ಕೊಟ್ಟು ಬಂದ್ರಿ?” ಎಂದು ಬಾಯಿ ಮುಚ್ಚಿಸುತ್ತಾಳೆ. ಅವಳೇ ಕಿಟಕಿ ಮುಚ್ಚಿಡುವುದು ಒಂದೇ ಫ್ಲಾಪಿಯದು. ಮರೆವು ಹತ್ತಿದ ಅಪ್ಪ ಸಂಜೆ ಪಕ್ಕದಲ್ಲಿ ಕೂತು ಬರೆಸುವ ಜೀವನಕಥೆ ಅದರಲ್ಲಿದೆ. ನಿನ್ನೆ ಬರೆಸಿದ್ದನ್ನು ಇಂದು ಅಳಿಸು ಎಂದರೂ ಗೊಣಗದೆ ಅಳಿಸುತ್ತಾಳೆ. ಮೊನ್ನೆ ಅವರು ಪರದೆಯ ಮೇಲಿದ್ದ ಅವಳ ಅಮ್ಮನ ಹೆಸರಿಗೆ ಬೆರಳಿಟ್ಟು, “ಇವಳ್ಯಾರಮ್ಮ? ನಂಗೊತ್ತಿಲ್ಲ, ತೆಗೆದುಹಾಕು” ಎಂದರು. ಅಕ್ಕ ಫ್ಲಾಪಿಯನ್ನು ಹೊರಗೆಳೆದು, ಕಿಟಕಿ ತೆರೆದು, ಮತ್ತೆ ಒಳಗೆ ತುರುಕಿದಳು. “ಆಗ್ತಾ ಇಲ್ಲಪ್ಪ,” ಎಂದು ಕಂಪ್ಯೂಟರಿನ ತಲೆಗೊಂದು ಗುದ್ದು ಕೊಟ್ಟಳು, “ಹಾಳಾದ್ದು, ನನ್ನ ಮಾತೇ ಕೇಳಲ್ಲ!”